ಗಂಟೆಯ ಕರಿಬಸಯ್ಯ ಹಚ್ಚಿದ ಬಣ್ಣ

ಮೊದಲು ಬೈಗುಳ, ಆಮೇಲೆ ಕಥೆ. ನಿನ್ನೆ ನಾನು ಹಳೆ ವಿದ್ಯಾರ್ಥಿಗಳ ಈ ಮೊಬೈಲ್ ಗ್ರೂಪಿಗೆ ಒಂದು ಸಣ್ಣ ವಾಯ್ಸ್ ಮೆಸೇಜು ಕಳಿಸಿದೆ. 'ಆವತ್ತು ಆ ಹುಡುಗನಿಗೆ ಬಿದ್ದ ಏಟು ತಪ್ಪು, ಅವನು ಹೇಳಿದ್ದೇ ಸರಿ' ಎಂದಷ್ಟೇ ಹೇಳಿದೆ. ಅದಕ್ಕೆ ನೀವು ಏನು ಬರೆದಿರಿ? 'ಕರಿಬಸಯ್ಯನವರಿಗೆ ವಯಸ್ಸಾಯಿತು, ಪಾಪ, ನೆನಪು ಕೈಕೊಟ್ಟಿದೆ' ಅಂತ. ಒಬ್ಬನಂತೂ ಕೈಮುಗಿದ ಚಿತ್ರ ಹಾಕಿದ, ನನ್ನನ್ನು ಆಗಲೇ ಸಮಾಧಿ ಮಾಡಿ ಬಂದವನ ಹಾಗೆ.

ಲಿಂಗಸುಗೂರಿನ ಆ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆದವನು ನಾನು. ಯಾರು ಗೋಡೆ ಹಾರಿ ಸಿನಿಮಾಕ್ಕೆ ಹೋಗುತ್ತಿದ್ದರು, ಯಾರು ಪ್ರಾರ್ಥನೆಯಲ್ಲಿ ಬರೀ ಬಾಯಿ ಆಡಿಸುತ್ತಿದ್ದರು, ಯಾರು ಹೆಡ್‌ಮಾಸ್ತರರ ಕುರ್ಚಿಗೆ ಬೆಲ್ಲದ ಪಾಕ ಸವರಿದರು, ಎಲ್ಲ ನನಗೆ ಗೊತ್ತು. ಆ ಬೆಲ್ಲದವನು ಈಗ ಒಂದು ಬ್ಯಾಂಕಿನಲ್ಲಿ ಮ್ಯಾನೇಜರ್. ಹೆಸರು ಹೇಳಲೇ? ಬೇಡವಲ್ಲ. ಹಾಗಾದರೆ ಸುಮ್ಮನೆ ಕೂತು ಕೇಳಿ.

ಏಟು ತಿಂದವನು ನಾನಲ್ಲ, ಕೊಟ್ಟವನೂ ನಾನಲ್ಲ. ಬಣ್ಣ ಮಾತ್ರ ನನ್ನದು.

ಗಂಟೆ ಹೊಡೆಯುವುದರ ಜೊತೆಗೆ ವಿಜ್ಞಾನದ ಕೋಣೆಯ ಕೀಲಿಯೂ ನನ್ನ ಉಡಿದಾರದಲ್ಲೇ ಇರುತ್ತಿತ್ತು. ಸಾಮಾನು ಇಡುವುದು, ತೆಗೆಯುವುದು, ಒರೆಸುವುದು ನನ್ನ ಕೆಲಸ. ಮಾಸ್ತರು ಪಾಠ ಮಾಡುವಾಗ ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ಬೆಳಕು, ಕರೆಂಟು, ಅಯಸ್ಕಾಂತ, ಒಂದನ್ನೂ ಬಿಡಲಿಲ್ಲ. ಆದರೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಮೂವತ್ತೈದನೇ ನಿಮಿಷಕ್ಕೆ ನಾನು ಗಂಟೆಯ ಕಡೆ ನಡೆಯಬೇಕು. ಹೀಗಾಗಿ ಮೂವತ್ತೊಂದು ವರ್ಷ ನನಗೆ ಪ್ರತಿ ಪಾಠದ ಕೊನೆಯ ಐದು ನಿಮಿಷ ಸಿಗಲಿಲ್ಲ. ಬಟ್ಟಲಿನ ತಳದ ರೂಪಾಯಿ ನೀರು ಹಾಕಿದ ಕೂಡಲೇ ಮೇಲೆ ಎದ್ದಂತೆ ಕಾಣುತ್ತದೆ ಎಂಬುದು ಗೊತ್ತು. ಯಾಕೆ ಎಂಬುದು ಆ ಕೊನೆಯ ಐದು ನಿಮಿಷದಲ್ಲಿತ್ತು.

ರಿಟೈರಾಗಿ ಹೆಂಡತಿ ಕಲ್ಯಾಣಮ್ಮನ ತವರೂರು ಮಸ್ಕಿಗೆ ಬಂದು ನೆಲೆಸಿದೆವು. ಬಂದ ಹೊಸದರಲ್ಲಿ ಒಂದು ಮದುವೆಯ ಪಂಕ್ತಿಯಲ್ಲಿ ಪಕ್ಕದವರು, "ಯಾವ ಕೆಲಸದಾಗ ಇದ್ರಿ?" ಎಂದು ಕೇಳಿದರು. "ಹೈಸ್ಕೂಲಿನ ಸೈನ್ಸ್ ವಿಭಾಗದಾಗ" ಎಂದೆ. ಇದರಲ್ಲಿ ಸುಳ್ಳೇನಿದೆ? 'ಮಾಸ್ತರ' ಎಂಬುದನ್ನು ಊರವರು ತಾವಾಗಿ ಕೂಡಿಸಿಕೊಂಡರು. ನಾನು ಕಳೆಯಲಿಲ್ಲ, ಅಷ್ಟೇ. ಹೋಳಿಗೆ ಮುಗಿಯುವ ಹೊತ್ತಿಗೆ ನಾನು ಸೈನ್ಸ್ ಮಾಸ್ತರನಾಗಿದ್ದೆ. ಕಲ್ಯಾಣಮ್ಮನಿಗೂ ಮಗನಿಗೂ ಸತ್ಯ ಗೊತ್ತಿತ್ತು. ಆದರೆ ಕಲ್ಯಾಣಮ್ಮನಿಗೆ 'ಮಾಸ್ತರ ಹೆಂಡತಿ' ಎಂಬ ಮಾತು ಹೊಸ ಇಳಕಲ್ ಸೀರೆಯ ಹಾಗೆ ಒಪ್ಪಿಬಿಟ್ಟಿತು. ನಲ್ಲಿಯ ಮುಂದೆ ಕೊಡ ಇಟ್ಟು, "ನಮ್ಮನಿಯವರು ಕಲಿಸಿದ ಹುಡುಗರು ಈಗ ಡಾಕ್ಟರ್ ಆಗ್ಯಾರ" ಎಂದು ಹೇಳಿ ಎರಡು ಕೊಡ ಹೆಚ್ಚಿಗೆ ತುಂಬಿಕೊಂಡು ಬರುತ್ತಿದ್ದಳು.

ಓಣಿಯ ಮಕ್ಕಳು ಸಂಜೆ ಬಂದು ಪ್ರಶ್ನೆ ಕೇಳುತ್ತಿದ್ದವು. ನಾನು ಮೂವತ್ತೈದು ನಿಮಿಷದಷ್ಟು ಹೇಳುತ್ತಿದ್ದೆ. "ಅದು ಯಾಕ ಹಂಗ, ಸಾರ್?" ಎಂದರೆ, "ಅದು ಮುಂದಿನ ವರ್ಷದ ಪಾಠ, ಈಗ ಕೇಳಬಾರದು" ಎನ್ನುತ್ತಿದ್ದೆ.

ಎಲ್ಲರಿಗಿಂತ ಮುಂದೆ ಕೂತು ಕೇಳುತ್ತಿದ್ದವಳು ನನ್ನ ಮಗನ ಮಗಳು ಅಶ್ವಿನಿ. ಏಳನೇ ಕ್ಲಾಸು. ನಾನು ಹೇಳಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ, ಅಂದರೆ ನೋಟ್ ಬುಕ್ಕಿನಲ್ಲಿ, ಬರೆದಿಡುತ್ತಿದ್ದಳು. ಪಟ್ಟಿಯ ಮೇಲೆ 'ತಾತನ ಸೈನ್ಸ್' ಎಂದು ಹೆಸರು, ಕೆಳಗೆ ಒಂದು ಹೂವು. ಅವಳಿಗೆ ನಾನು ಮಾಸ್ತರನಲ್ಲ ಎಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ಹೋದ ತಿಂಗಳು ಸಿಂಧನೂರಿನಲ್ಲಿ ಮಕ್ಕಳ ವಿಜ್ಞಾನ ಪ್ರದರ್ಶನ ಇತ್ತು. ಅವಳ ಶಾಲೆಯಿಂದ ಒಬ್ಬರನ್ನೇ ಕಳಿಸುವುದು, ಆ ಒಬ್ಬಳು ಅಶ್ವಿನಿ. ವಿಜ್ಞಾನ ಕಲಿಸುವ ನಗ್ಮಾ ಮೇಡಂ ಅವಳನ್ನೇ ಆರಿಸಿದ್ದರು. ಥರ್ಮಾಕೋಲಿನ ಎರಡು ದೋಣಿ ಮಾಡಿ, ಒಂದೊಂದರ ಮೇಲೆ ಒಂದೊಂದು ಪಟ್ಟಿ ಅಯಸ್ಕಾಂತ ಕೂಡಿಸಿ, ನೀರಿನ ಟಬ್ಬಿನಲ್ಲಿ ಬಿಡುವುದು. ಕೆಂಪು ತುದಿಗೆ ಕೆಂಪು ತುದಿ ಎದುರಾದರೆ ದೋಣಿಗಳು ದೂರ ಓಡಬೇಕು. ಕೆಂಪಿಗೆ ನೀಲಿ ಎದುರಾದರೆ ಓಡಿಬಂದು ಕೂಡಬೇಕು. ಒಂದೇ ಜಾತಿಯ ಧ್ರುವಗಳು ಒಂದನ್ನೊಂದು ತಳ್ಳುತ್ತವೆ, ಬೇರೆ ಜಾತಿಯವು ಎಳೆಯುತ್ತವೆ. ಇದು ಮೊದಲ ಮೂವತ್ತೈದು ನಿಮಿಷದಲ್ಲೇ ಬರುತ್ತದೆ, ನನಗೂ ಗೊತ್ತು.

ಅಯಸ್ಕಾಂತ ಬೇಕಲ್ಲ ಎಂದು ಅಶ್ವಿನಿ ಅಟ್ಟ ಹತ್ತಿ ಹುಡುಕಿದಳು. ತೇಗದ ಒಂದು ಸಣ್ಣ ಡಬ್ಬಿ ಹಿಡಿದುಕೊಂಡು ಇಳಿದಳು.

"ತಾತ, ಇದು ಯಾರದು?"

ಇಪ್ಪತ್ತೇಳು ವರ್ಷದಿಂದ ನಾನು ಆ ಡಬ್ಬಿಯನ್ನು ತೆರೆದಿರಲಿಲ್ಲ. ಆದರೆ ಬಾಯಿ ನನ್ನದಲ್ಲವೇ, ಅದು ತಡೆಯಲಿಲ್ಲ. "ಸೇವಾ ಮುಗಿದಾಗ ಸಾಲಿಯವರು ಕೊಟ್ಟ ಕಾಣಿಕಿ" ಎಂದೆ.

ಈಗ ಬಣ್ಣದ ವಿಷಯ. ಮೊಬೈಲಿನ ಮೈಕು ಒತ್ತಿ ಹಿಡಿದು ಬೆರಳು ನೋಯುತ್ತಿದೆ, ಆದರೂ ಹೇಳುತ್ತೇನೆ. ಆ ಶಾಲೆಯಲ್ಲಿ ಇಂಥ ಆರು ಡಬ್ಬಿಗಳಿದ್ದವು, ಒಂದೊಂದರಲ್ಲಿ ಎರಡೆರಡು ಅಯಸ್ಕಾಂತ. ಅವನ್ನು ಇಡುವುದಕ್ಕೆ ಒಂದು ರೀತಿ ಇದೆ. ಒಂದರ ತಲೆ ಇನ್ನೊಂದರ ಕಾಲಿನ ಕಡೆ ಬರುವಂತೆ ಮಲಗಿಸಿ, ಎರಡೂ ತುದಿಗೆ ಒಂದೊಂದು ಕಬ್ಬಿಣದ ತುಂಡು ಅಡ್ಡ ಇಡಬೇಕು. ಇಲ್ಲದಿದ್ದರೆ ಅವುಗಳ ಬಲ ಇಳಿದುಹೋಗುತ್ತದೆ. ಕೆಳಗೆ ಬೀಳಿಸಿದರೂ ಇಳಿಯುತ್ತದೆ, ಬೆಂಕಿಗೆ ಹಿಡಿದರೂ ಇಳಿಯುತ್ತದೆ. ಮೂವತ್ತೊಂದು ವರ್ಷ ನಾನು ತಪ್ಪದೆ ಹಾಗೆಯೇ ಇಟ್ಟೆ. ಇಡುವುದರಲ್ಲಿ ನನ್ನದು ಒಂದು ತಪ್ಪೂ ಇಲ್ಲ.

ಒಂದು ವರ್ಷ ಆಯುಧಪೂಜೆ ಬಂತು. ಅಯಸ್ಕಾಂತಗಳ ಬಣ್ಣ ಹೋಗಿ ಕಜ್ಜಿ ಹತ್ತಿದ ನಾಯಿಯ ಹಾಗೆ ಕಾಣುತ್ತಿದ್ದವು. ಪೂಜೆಗೆ ಹೀಗೆ ಇಡುವುದೇ ಎಂದು ಉಪ್ಪುಕಾಗದ ಹಿಡಿದು ಹನ್ನೆರಡನ್ನೂ ಉಜ್ಜಿದೆ. ತುದಿಯಲ್ಲಿ ಇಂಗ್ಲಿಷಿನ ಒಂದೊಂದು ಅಕ್ಷರ ಇತ್ತು, ಅದೂ ಹೋಯಿತು. ಗೇಟಿಗೆ ಹಚ್ಚಿ ಉಳಿದ ಕೆಂಪು ಇತ್ತು, ಕಿಟಕಿಗೆ ಹಚ್ಚಿ ಉಳಿದ ನೀಲಿ ಇತ್ತು. ಮೊದಲು ಹೇಗಿತ್ತು ಎಂದು ನೆನೆದೆ. ಡಬ್ಬಿಯಲ್ಲಿ ಒಂದರ ಕೆಂಪು ಮಗ್ಗುಲಿಗೆ ಇನ್ನೊಂದರ ನೀಲಿ ಇರುತ್ತಿತ್ತು. ನಮ್ಮಪ್ಪ ಎರಡು ಎತ್ತು ಕಟ್ಟಿದವನು. ಕಾರಹುಣ್ಣಿಮೆಗೆ ಜೋಡೆತ್ತಿನ ಕೊಂಬಿಗೆ ಬಣ್ಣ ಹಚ್ಚಿ ಬೆಳೆದವನು ನಾನು. ಒಂದು ಎತ್ತಿಗೆ ಕೆಂಪು, ಜೋಡಿಯ ಎತ್ತಿಗೆ ನೀಲಿ ಎಂದು ಯಾರಾದರೂ ಹಚ್ಚುತ್ತಾರೆಯೇ? ಯಾವನೋ ಅರೆಗಣ್ಣಿನವನು ಮೊದಲು ಹಚ್ಚಿರಬೇಕು ಎಂದುಕೊಂಡೆ. ಡಬ್ಬಿಯಲ್ಲಿ ಮಲಗಿಸಿದಂತೆಯೇ, ಎಡಗಡೆಯ ಎರಡೂ ತುದಿಗೆ ಕೆಂಪು, ಬಲಗಡೆಯ ಎರಡೂ ತುದಿಗೆ ನೀಲಿ ಹಚ್ಚಿದೆ. ಆರು ಜೋಡಿ, ಆರೂ ಜೋಡೆತ್ತಿನ ಹಾಗೆ ಒಪ್ಪವಾಗಿ ಕಂಡವು. ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿದೆ.

ಗೊತ್ತಾಯಿತಲ್ಲ? ಪ್ರತಿ ಜೋಡಿಯಲ್ಲೂ ಒಂದಕ್ಕೆ ಬಣ್ಣ ಸರಿ, ಇನ್ನೊಂದಕ್ಕೆ ತಿರುಗಾಮುರುಗಾ.

ಅಶ್ವಿನಿ ಅಂಗಳದಲ್ಲಿ ಟಬ್ಬಿಗೆ ನೀರು ತುಂಬಿ ದೋಣಿ ಬಿಟ್ಟಳು. ಕೆಂಪಿನ ಮುಂದೆ ಕೆಂಪು. ಎರಡೂ ದೋಣಿ ಒಂದು ಗಳಿಗೆ ಯೋಚಿಸಿದವು. ಆಮೇಲೆ ಮೆಲ್ಲಗೆ ಸಮೀಪಕ್ಕೆ ಬಂದು, ವರ್ಷಗಟ್ಟಲೆ ಮುಖ ನೋಡದ ಅಕ್ಕತಂಗಿಯರ ಹಾಗೆ ಅಪ್ಪಿಕೊಂಡವು.

"ತಾತ, ಓಡಿಹೋಗಬೇಕಿತ್ತಲ್ಲ?"

'ಬಣ್ಣ ತಪ್ಪಿದೆ' ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮುಂದಿನ ಪ್ರಶ್ನೆ 'ಹಚ್ಚಿದವರು ಯಾರು' ಎಂದು ಬರುತ್ತದೆ. ಮಾಸ್ತರು ಬಣ್ಣ ಹಚ್ಚುತ್ತಾರೆಯೇ? ನಾನು ಗಂಟಲು ಸರಿಮಾಡಿಕೊಂಡು ಸುತ್ತ ನೋಡಿದೆ. ಗೋಡೆಯ ಆಚೆ ಹುಸೇನ್‌ಸಾಬರ ಹೊಸ ಮನೆಯ ಕಟ್ಟಡ ನಡೆದಿತ್ತು. ನಮ್ಮ ಗೋಡೆಗೆ ಹತ್ತಿಸಿ ಕಬ್ಬಿಣದ ಕಂಬಿಗಳನ್ನು ಒಟ್ಟಿದ್ದರು.

"ನೋಡವ್ವ, ಅಷ್ಟು ಕಬ್ಬಿಣ ಬಾಜೂಕ ಇದ್ದರ ಅಯಸ್ಕಾಂತದ ಬುದ್ಧಿ ಎಲ್ಲಿ ನೆಟ್ಟಗ ಇರ್ತದ?"

ಮಾತು ಪೂರಾ ಸುಳ್ಳೂ ಅಲ್ಲ. ಕಬ್ಬಿಣ ಹತ್ತಿರ ಇದ್ದರೆ ದಿಕ್ಸೂಚಿ ತಪ್ಪುತ್ತದೆ. ಆದರೆ ಕೆಂಪು ಕೆಂಪನ್ನು ಅಪ್ಪಿಕೊಳ್ಳುವಷ್ಟು ತಪ್ಪುವುದಿಲ್ಲ. ಅಶ್ವಿನಿ ಓಡಿಹೋಗಿ ಹುಸೇನ್‌ಸಾಬರನ್ನು ಕೈಹಿಡಿದು ಕರೆತಂದಳು. ಅವರು ಟೆಂಪೋ ಓಡಿಸುವ ಮನುಷ್ಯ, ಕಂಬಿಯಷ್ಟೇ ನೆಟ್ಟಗೆ.

"ಏನ್ರಿ ಮಾಸ್ತರ, ನಮ್ಮ ಕಂಬಿ ಏನು ತಕ್ರಾರು ಮಾಡ್ಯಾವಂತ?"

"ತಕ್ರಾರು ಅಲ್ಲ ಸಾಬ್ರ. ಅವು ಕೂಸಿನ ಸೈನ್ಸ್ ಎಳಿಯಾಕತ್ಯಾವ."

"ಕಂಬಿ ಎಳಿತಾವ?"

"ನಮ್ಮ ಕಣ್ಣಿಗೆ ಕಾಣಂಗಿಲ್ಲ. ಒಳಗ ಒಳಗ ಎಳಿತಾವ."

ಹುಸೇನ್‌ಸಾಬರು ತಮ್ಮ ಕಂಬಿಗಳನ್ನು ಒಮ್ಮೆ ನೋಡಿದರು, ಓಣಿಯಲ್ಲಿ ಹೆಸರು ಕೆಡಿಸಿದ ಬೆಳೆದ ಮಕ್ಕಳನ್ನು ನೋಡುವ ಹಾಗೆ. "ಹುಡುಗಿ ಓದಿಗೆ ಅಡ್ಡ ಆಗೋದು ಬ್ಯಾಡ್ರಿ" ಎಂದು ನಾಲ್ಕು ಜನ ಕೂಲಿಯವರನ್ನು ಹಚ್ಚಿ, ಮಧ್ಯಾಹ್ನದ ಬಿಸಿಲಲ್ಲಿ ಅಷ್ಟನ್ನೂ ರಸ್ತೆಯ ಆಚೆ ಸಾಗಿಸಿದರು. ಕೂಲಿಯವನೊಬ್ಬ ನನ್ನ ಕಡೆ ನೋಡಿ ಹೇಳಿದ ಮಾತನ್ನು ವಾಯ್ಸಿನಲ್ಲಿ ಹೇಳಲಾಗುವುದಿಲ್ಲ, ಗ್ರೂಪಿನಲ್ಲಿ ಹೆಣ್ಣುಮಕ್ಕಳಿದ್ದಾರೆ.

ಅಶ್ವಿನಿ ದೋಣಿ ಬಿಟ್ಟಳು. ಅವು ಅಪ್ಪಿಕೊಂಡವು.

ಎಲ್ಲರೂ ನನ್ನ ಮುಖ ನೋಡಿದರು. ನಾನು ತಲೆ ಎತ್ತಿದೆ. ಮೂಲೆಯಲ್ಲಿ ಟಿ.ಸಿ. ಕಂಬ ಕಂಡಿತು, ಓಣಿಗೆಲ್ಲ ಕರೆಂಟು ಕೊಡುವ ಆ ಗುಂಯ್‌ಗುಡುವ ಪೆಟ್ಟಿಗೆ. ಕರೆಂಟು ಹರಿಯುವ ತಂತಿಯ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತದೆ ಎಂದು ಮಾಸ್ತರು ಹೇಳಿದ್ದು ನೆನಪಾಯಿತು. ಎಷ್ಟು ದೂರದ ತನಕ ಎಂಬುದು ಕೊನೆಯ ಐದು ನಿಮಿಷದಲ್ಲಿ ಹೋಗಿತ್ತು.

"ಅದು" ಎಂದು ಬೆರಳು ತೋರಿಸಿದೆ.

ಲೈನ್‌ಮ್ಯಾನ್ ಗಾದಿಲಿಂಗನನ್ನು ಕರೆಸಿದರು. ಅವನು ಕಂಬದ ಕೆಳಗೆ ನಿಂತು ತಲೆ ಕೆರೆದ. "ಸಾರ್, ಲೈನ್ ತೆಗಿಬೇಕಂದ್ರ ಮ್ಯಾಲಿನವರನ್ನ ಕೇಳಬೇಕ್ರಿ."

"ಮ್ಯಾಲಿನವರು ಮ್ಯಾಗ್ನೆಟ್ ಓದ್ಯಾರೇನು?"

"ಅದು ನಂಗ ಗೊತ್ತಿಲ್ರಿ. ನೀವು ಓದಿದವರು, ಹತ್ತ ನಿಮಿಷ ಅಂದ್ರ ಹತ್ತ ನಿಮಿಷ."

ನೋಡಿ, ಓದಿದವರು ಎಂದ. ಆ ಒಂದು ಮಾತಿಗೆ ಇಡೀ ಓಣಿಯ ಕರೆಂಟು ಹೋಯಿತು. ಗಿರಣಿ ಸೂಗಪ್ಪನ ಯಂತ್ರ ಖಾರ ಕುಟ್ಟುತ್ತ ಕುಟ್ಟುತ್ತ ನಿಂತಿತು. ಒಳಗಿದ್ದದ್ದು ನಮ್ಮದೇ ಮೆಣಸಿನಕಾಯಿ. ಕಲ್ಯಾಣಮ್ಮ ಹುಬ್ಬಿನವರೆಗೂ ಖಾರದ ಪುಡಿ ಬಡಿದುಕೊಂಡು, ಸೀನುತ್ತ ಓಡಿಬಂದಳು.

"ಯಾವ ಮೂಳ ಕರೆಂಟ್ ತಗಸಿದ್ದು?"

"ಸಾರ್ ತಗಸ್ಯಾರವ್ವ" ಎಂದ ಗಾದಿಲಿಂಗ, ಬಹಳ ಮರ್ಯಾದೆಯಿಂದ.

ಅವಳು ನನ್ನನ್ನು ನೋಡಿದಳು. ಕಣ್ಣು ಕೆಂಪಗಿದ್ದದ್ದು ಖಾರಕ್ಕೋ ನನಗೋ ತಿಳಿಯಲಿಲ್ಲ. ಆದರೂ ಜನರ ಮುಂದೆ ಬಿಟ್ಟುಕೊಡುವವಳಲ್ಲ. "ಹೌದೇನು? ಹಂಗಾದ್ರ ಏನೋ ಕಾರಣ ಇರಬೇಕು" ಎಂದು ಸೀನಿದಳು.

ಕರೆಂಟಿಲ್ಲದ ಓಣಿಯಲ್ಲಿ, ಕಂಬಿಯಿಲ್ಲದ ಗೋಡೆಯ ಪಕ್ಕದಲ್ಲಿ, ಮೂವತ್ತು ಜನರ ಮುಂದೆ ಅಶ್ವಿನಿ ದೋಣಿ ಬಿಟ್ಟಳು. ಮುದ್ದಾಗಿ ಅಪ್ಪಿಕೊಂಡವು.

ಮಾರನೇ ದಿನ ನಗ್ಮಾ ಮೇಡಂ ಮನೆಗೆ ಬಂದರು. ಹುಡುಗಿ ವಯಸ್ಸು, ಬಹಳ ನಯ. "ಸರ್, ಈ ಮ್ಯಾಗ್ನೆಟ್ ಹಳೇವು ಅನ್ನಿಸ್ತದ. ಸಾಲಿದಾಗ ಹೊಸಾವು ಅದಾವ, ಅವನ್ನ ಒಯ್ಯೋಣೇನ್ರಿ?"

ಬದುಕುವ ದಾರಿ ಬಾಗಿಲಿಗೆ ಬಂದು ನಿಂತಿತ್ತು. ನಾನು 'ಹೂಂ' ಎನ್ನುವಷ್ಟರಲ್ಲಿ ಕಲ್ಯಾಣಮ್ಮ ಚಹಾದ ಲೋಟ ಠಣ್ಣೆಂದು ಇಟ್ಟಳು. "ಯಾಕ ಬೇ, ಇವು ಇವರ ಸರ್ವಿಸಿನ ಕಾಣಿಕಿ. ಇವರಿಗಿಂತ ಹೊಸಾವಕ್ಕ ಜಾಸ್ತಿ ತಿಳಿತದೇನು?"

ನಗ್ಮಾ ಮೇಡಂ ಅಶ್ವಿನಿಯ ಕಡೆ ತಿರುಗಿದರು. "ನೀ ಹೇಳು ಅಶ್ವಿನಿ. ಪ್ರಾಜೆಕ್ಟ್ ನಿಂದು."

ಅಶ್ವಿನಿ ನನ್ನ ಕಡೆ ನೋಡಿದಳು. ಆಮೇಲೆ, "ತಾತನವ ಇರಲಿ ಮೇಡಂ" ಎಂದಳು.

ದೋಣಿ ಅಪ್ಪಿಕೊಳ್ಳುವುದನ್ನು ತಪ್ಪಿಸಲಾಗದ ಮೇಲೆ ಅದಕ್ಕೊಂದು ನಿಯಮ ಬೇಕಲ್ಲ. ನಾನೇ ಹೇಳಿ ಬರೆಸಿದೆ. ಚಾರ್ಟಿನ ಮೇಲೆ ಅಶ್ವಿನಿ ದುಂಡಗೆ ಬರೆದಳು: 'ಒಂದೇ ರೀತಿಯ ಧ್ರುವಗಳು ಒಂದನ್ನೊಂದು ತಳ್ಳುತ್ತವೆ. ಆದರೆ ಕೆಲವು ಊರುಗಳಲ್ಲಿ ಅಪ್ಪಿಕೊಳ್ಳುತ್ತವೆ.' 'ಕೆಲವು ಊರುಗಳಲ್ಲಿ' ಎಂದು ಬರೆಯುವಾಗ ಅವಳ ಪೆನ್ನು ಎರಡು ಸಲ ನಿಂತಿತು. ನಾನು ನೋಡಿಯೂ ನೋಡದ ಹಾಗೆ ಅಡಿಕೆ ಕತ್ತರಿಸುತ್ತಿದ್ದೆ.

ಸಿಂಧನೂರಿಗೆ ಹುಸೇನ್‌ಸಾಬರೇ ಟೆಂಪೋದಲ್ಲಿ ಟಬ್ಬು, ದೋಣಿ, ಚಾರ್ಟು ಎಲ್ಲ ಹೇರಿಕೊಂಡು ಬಂದರು. ಕಂಬಿ ಹೊತ್ತವರಿಗೆ ಫಲ ಕಾಣುವ ಹಕ್ಕಿದೆ ಎಂದರು. ದೊಡ್ಡ ಹಾಲು, ಸಾಲು ಸಾಲು ಟೇಬಲ್ಲು. ನಮ್ಮ ಪಕ್ಕದ ಟೇಬಲ್ಲಿನಲ್ಲಿ ಆರ್.ಎಚ್. ಕ್ಯಾಂಪ್ ಎಂಬ ಊರಿನ ಒಂದು ಹುಡುಗಿ, ಬಾಟಲಿಗೆ ತೂತು ಮಾಡಿ, ಸುರಿಯುವ ನೀರಿನ ಧಾರೆಯೊಳಗೆ ಬೆಳಕನ್ನು ಬಿಟ್ಟಿದ್ದಳು. ನೀರು ಬಾಗಿದ ಕಡೆ ಬೆಳಕೂ ಬಾಗಿ ಹೋಗುತ್ತಿತ್ತು. ನಾನು 'ಅದು ಯಾಕೆ' ಎಂದು ಕೇಳಲಿಲ್ಲ. ಅವಳು ತಾನಾಗಿಯೇ ಹೇಳಿದಳು. ಬೆಳಕು ನೆಟ್ಟಗೇ ಹೋಗುತ್ತದಂತೆ, ನೀರಿನ ಅಂಚಿಗೆ ಓರೆಯಾಗಿ ಬಡಿದು ಒಳಕ್ಕೇ ತಿರುಗುತ್ತದಂತೆ, ಹೀಗೆ ಬಡಿದು ಬಡಿದು ಧಾರೆಯ ಜೊತೆ ಹೋಗುತ್ತದಂತೆ. ಕೊನೆಯ ಐದು ನಿಮಿಷವನ್ನೂ ಬಿಡದೆ ಹೇಳಿದಳು.

ನಾನು ಬಾಗಿಲಲ್ಲಿ ನಿಂತೆ. ಹಳೆಯ ಅಭ್ಯಾಸ.

ಪರೀಕ್ಷಕರು ಬಂದರು. ನಲವತ್ತು ದಾಟಿದ ಒಬ್ಬ ಲೆಕ್ಚರರು, ಕನ್ನಡಕ, ಕೈಯಲ್ಲಿ ಅಂಕದ ಹಾಳೆ. ಅಶ್ವಿನಿ ನಮಸ್ಕಾರ ಮಾಡಿ ದೋಣಿ ಬಿಟ್ಟಳು. ಅಪ್ಪಿಕೊಂಡವು. ಅವರು ನಗಲಿಲ್ಲ. ಬಗ್ಗಿ ನೋಡಿದರು. ಎಳೆದು ಬಿಡಿಸಿ ಇನ್ನೊಮ್ಮೆ ಬಿಟ್ಟರು. ಮತ್ತೆ ಅಪ್ಪಿಕೊಂಡವು.

"ಯಾಕವ್ವ ಹಿಂಗ?"

ಅಶ್ವಿನಿ ಚಾರ್ಟು ಓದಿದಳು. 'ಕೆಲವು ಊರುಗಳಲ್ಲಿ' ಎನ್ನುವಾಗ ಧ್ವನಿ ಇಳಿಯಿತು. ಪಕ್ಕದ ಟೇಬಲ್ಲಿನ ಮಕ್ಕಳು ಕಿಸಕ್ಕೆಂದರು.

"ಯಾರು ಕಲಿಸಿದರು ಇದನ್ನ?"

"ನಮ್ಮ ತಾತ ರೀ. ಮೂವತ್ತೊಂದು ವರ್ಷ ಸೈನ್ಸ್ ಮಾಸ್ತರ ಇದ್ರು."

ಅವರು ಒಂದು ಅಯಸ್ಕಾಂತವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಹೊರಳಿಸಿದರು. ಕೆಂಪು ತುದಿಯ ಅಡಿಯಲ್ಲಿ ಯಾರೋ ಮೊಳೆಯಿಂದ ಗೀರಿದ ಒಂದು ಗುರುತಿತ್ತು, ತಪ್ಪು ಲೆಕ್ಕಕ್ಕೆ ಹಾಕುವಂಥ ಅಡ್ಡಗೆರೆ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವರು ಹೆಬ್ಬೆರಳಿನಿಂದ ಅದನ್ನು ಸವರಿದರು. ಇನ್ನೊಂದು ಕೈ ತಾನಾಗಿ ಎಡಗಿವಿಗೆ ಹೋಯಿತು.

ಆ ಕೈ ಕಿವಿಗೆ ಹೋದದ್ದನ್ನು ನೋಡಿದ ಕೂಡಲೇ ನನಗೆ ಗುರುತು ಹತ್ತಿತು. ಕನ್ನಡಕ ತೆಗೆದು, ಇಪ್ಪತ್ತೇಳು ವರ್ಷ ಕಳೆದರೆ, ಒಂಬತ್ತನೇ ಕ್ಲಾಸಿನ ಮೂರನೇ ಬೆಂಚಿನ ವೀರೇಂದ್ರ.

ಈಗ ಏಟಿನ ವಿಷಯ. ನಿಮಗೂ ನೆನಪಿದೆ, ಸುಮ್ಮನೆ ಮರೆತ ಹಾಗೆ ನಟಿಸಬೇಡಿ. ಆ ಆಯುಧಪೂಜೆಯಾದ ಮೇಲೆ ನಿಮ್ಮ ಕ್ಲಾಸಿಗೆ ಅಯಸ್ಕಾಂತದ ಪಾಠ ಬಂತು. ಡಬ್ಬಿ ನಾನೇ ಒಯ್ದು ಇಟ್ಟೆ. ನೀವೆಲ್ಲ ನೋಡದೆಯೇ 'ಕೆಂಪು ಕೆಂಪನ್ನು ತಳ್ಳಿತು' ಎಂದು ಪಟ್ಟಿಯಲ್ಲಿ ಬರೆದಿರಿ. ವೀರೇಂದ್ರ ಒಬ್ಬ ಎದ್ದು, "ಸರ್, ಇವು ಅಂಟಿಕೊಳ್ಳಾಕತ್ಯಾವ" ಎಂದ. ಮಾಸ್ತರು, "ಪುಸ್ತಕಕ್ಕಿಂತ ನೀ ಶಾಣ್ಯಾ ಏನಲೇ?" ಎಂದರು. ಅವನು, "ಅಂಟಿಕೊಂಡದ್ದು ಖರೇ ಐತ್ರಿ" ಎಂದ. ಎಡಗಿವಿಯ ಮೇಲೆ ಏಟು ಬಿತ್ತು. ಮೂವತ್ತೆಂಟು ಜನ ನಕ್ಕಿರಿ. ಅವತ್ತಿನಿಂದ ನೀವು ಅವನಿಗೆ ಇಟ್ಟ ಹೆಸರು 'ಅಂಟು'.

ನಾನು ಬಾಗಿಲಲ್ಲಿದ್ದೆ. ಆ ಕ್ಷಣವೇ ನನಗೆ ತಿಳಿಯಿತು ಏನಾಗಿದೆ ಎಂದು. ಒಂದು ಮಾತು ಹೇಳಬಹುದಿತ್ತು. ನಾನು ಗಂಟೆಯ ಕಡೆ ನಡೆದೆ. ಇನ್ನೂ ಹನ್ನೆರಡು ನಿಮಿಷ ಇತ್ತು. ಅವತ್ತು ಪಿರಿಯಡ್ಡು ಬೇಗ ಬಿಟ್ಟಿತೆಂದು ನೀವು ಕುಣಿದಿರಿ. ಆ ರವಿವಾರ ಐದು ಡಬ್ಬಿಯ ಬಣ್ಣ ಉಜ್ಜಿ ತೆಗೆದೆ, ಮಾಸ್ತರು ಕೇಳಿದರೆ "ಜಿರಳಿ ತಿಂದಾವ್ರಿ" ಎಂದೆ. ಅವನ ಮುಂದಿದ್ದ ಡಬ್ಬಿಯನ್ನು ಮಾತ್ರ ಮನೆಗೆ ಒಯ್ದು ಅಟ್ಟಕ್ಕೆ ಹಾಕಿದೆ. ಆ ಅಡ್ಡಗೆರೆ ಅವನು ಅವತ್ತೇ ಗೀರಿದ್ದಿರಬೇಕು. ಕಾಣಿಕೆ ಎಂದೆನಲ್ಲ, ಅದು ಕಳವು. ಮಾಸ್ತರು ಈಗ ಇಲ್ಲ. ಅವರನ್ನು ಬೈಯಬೇಡಿ, ಅವರ ಕೈ ಎದ್ದದ್ದು ನನ್ನ ಬಣ್ಣದ ಮೇಲಿನ ನಂಬಿಕೆಯಿಂದ.

ಹಾಲಿನಲ್ಲಿ ವೀರೇಂದ್ರ ಅಶ್ವಿನಿಯನ್ನು ಕೇಳುತ್ತಿದ್ದ. "ತಾತ ಹೇಳಿದ್ದು ಇರಲಿ. ನಿನ್ನ ಕಣ್ಣಿಗೆ ಏನನ್ನಿಸ್ತದ?"

ಅವಳು ಲಂಗದ ಅಂಚನ್ನು ತಿರುವಿದಳು. "ದಾರ ಕಟ್ಟಿ ಬೇವಿನಗಿಡಕ್ಕ ತೂಗ ಹಾಕಿದ್ದೆ ರೀ, ಹೊತ್ತು ಮೂಡೋವಾಗ. ಒಂದರ ಕೆಂಪು ಉತ್ತರಕ್ಕ ನಿಂತಿತು. ಇನ್ನೊಂದರ ಕೆಂಪು ದಕ್ಷಿಣಕ್ಕ ನಿಂತಿತು."

"ಅಂದ್ರ?"

ಅವಳು ತಿರುಗಿ ಬಾಗಿಲಲ್ಲಿದ್ದ ನನ್ನನ್ನು ನೋಡಿದಳು. ನೋಡಿ, ಮತ್ತೆ ಅವರ ಕಡೆ ತಿರುಗಿ ಹೇಳಿದಳು. "ಏನಿಲ್ರಿ. ತಾತ ಸರಿ ಹೇಳಿದ್ರು. ನಾನ ಚಾರ್ಟಿನಾಗ ತಪ್ಪು ಬರದೀನಿ."

ಹನ್ನೆರಡು ವರ್ಷದ ಕೂಸಿಗೆ ಎಲ್ಲ ಗೊತ್ತಿತ್ತು. ನನ್ನ ಇಜ್ಜತ್ತು ಉಳಿಯಲಿ ಎಂದು ತಪ್ಪನ್ನು ತನ್ನ ತಲೆಗೆ ಹೊತ್ತುಕೊಂಡಳು. ವೀರೇಂದ್ರ ನಿಟ್ಟುಸಿರು ಬಿಟ್ಟು ಅಂಕದ ಹಾಳೆ ತೆಗೆದ.

ನನ್ನ ಒಂದು ಕಾಲು ಹೊಸ್ತಿಲ ಆಚೆ ಇತ್ತು, ಸುಳ್ಳು ಹೇಳುವುದಿಲ್ಲ. ಬಸ್‌ಸ್ಟ್ಯಾಂಡು ದೂರವೇನಲ್ಲ. ಆದರೆ ಹೊಡೆಯಲು ಅಲ್ಲಿ ನನಗೊಂದು ಗಂಟೆ ಇರಲಿಲ್ಲ.

"ಬಣ್ಣ ಹಚ್ಚಿದಾವ ನಾನು" ಎಂದೆ. ಹಾಲು ದೊಡ್ಡದು, ನನ್ನ ಧ್ವನಿ ಪ್ರಾರ್ಥನೆಗೆ ಹುಡುಗರನ್ನು ಕೂಗಿದ ಧ್ವನಿ. ಎಲ್ಲರೂ ತಿರುಗಿದರು. "ಎತ್ತಿನ ಕೊಂಬಿಗೆ ಹಚ್ಚಿದಂಗ ಹಚ್ಚಿದೆ. ನಾ ಮಾಸ್ತರ ಅಲ್ಲ. ಗಂಟಿ ಹೊಡಿಯಾವ. ಈ ಡಬ್ಬಿ ಕದ್ದಿದ್ದು. ಅವತ್ತು ನೀನು ಹೇಳಿದ್ದು ಖರೇ ಇತ್ತಪ್ಪ, ವೀರೇಂದ್ರ. ನಾ ಬಾಗಿಲದಾಗ ಇದ್ದೆ. ಗೊತ್ತಿದ್ದೂ ಸುಮ್ಮನ ಹೋದೆ."

ನಗ್ಮಾ ಮೇಡಂ ನೆಲ ನೋಡಿದರು. ಮೊದಲು ಬಾಯಿ ಬಿಟ್ಟವರು ಹುಸೇನ್‌ಸಾಬರು.

"ಹಂಗಾದ್ರ ನನ್ನ ಕಂಬಿ?"

"ಅವು ಏನೂ ಮಾಡಿಲ್ಲ ಸಾಬ್ರ."

"ನಾ ಆವತ್ತ ಅಂದೆ" ಎಂದು ಅವರು ಸುತ್ತಲಿದ್ದವರಿಗೆ ಹೇಳಿದರು, ಜೈಲಿನಿಂದ ಬಿಟ್ಟ ಮಗನ ತಂದೆಯ ಹಾಗೆ. "ಅವು ಭಾಳ ಗರೀಬ ಕಂಬಿ ರೀ. ಯಾರ ಸುದ್ದಿಗೂ ಹೋಗಂಗಿಲ್ಲ."

ಆಗ ವೀರೇಂದ್ರ ನಕ್ಕ. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಒರೆಸುವುದು ನಗುವಿಗಿಂತ ಹೆಚ್ಚು ಹೊತ್ತು ನಡೆಯಿತು. ನಾನು ಕೈ ಮುಗಿಯಲು ಹೋದೆ, ಹಿಡಿದುಕೊಂಡ.

"ನನಗ ಮಾಫಿ ಗೀಫಿ ಬ್ಯಾಡ್ರಿ ಕರಿಬಸಯ್ಯನವರ. ಆ ಏಟಿನಿಂದನ ನಾ ಫಿಸಿಕ್ಸ್ ಓದಿದೆ, ಅವು ಯಾಕ ಅಂಟಿಕೊಂಡ್ವು ಅಂತ ತಿಳಿಯಾಕ. ಆದ್ರ ಒಂದು ಕೆಲಸ ಐತಿ. ಅವತ್ತು ನಕ್ಕವರು ಮೂವತ್ತೆಂಟು ಮಂದಿ. ಭಾಳ ಮಂದಿ ಹಳೆ ವಿದ್ಯಾರ್ಥಿಗಳ ಗ್ರೂಪಿನಾಗ ಅದಾರ. ನನ್ನ ಮಗಳ ಮುಂದನೂ 'ಅಂಟು' ಅಂತ ಕರಿತಾರ. ಅವರಿಗೆ ನೀವ ಹೇಳ್ರಿ."

ಬಹುಮಾನ ಬೆಳಕಿನ ಹುಡುಗಿಗೆ ಹೋಯಿತು. ಹೋಗಬೇಕಾದ್ದೇ. ತಪ್ಪು ಚಾರ್ಟಿಗೆ ಅಂಕ ಕೊಡಲು ಬರುವುದಿಲ್ಲ ಎಂದು ವೀರೇಂದ್ರ ಅಶ್ವಿನಿಗೆ ತಾನೇ ಹೇಳಿದ, ಅವಳೂ ತಲೆಯಾಡಿಸಿದಳು. ಬೇವಿನಗಿಡದ ವಿಷಯವನ್ನು ಮಾತ್ರ ಇನ್ನೊಮ್ಮೆ ಹೇಳಿಸಿಕೊಂಡು ಕೇಳಿದ.

ವಾಪಸು ಟೆಂಪೋದಲ್ಲಿ ನಾನೂ ಅಶ್ವಿನಿಯೂ ಹಿಂದೆ ಟಬ್ಬಿನ ಪಕ್ಕ ಕೂತೆವು. ಎರಡೂ ಬದಿಗೆ ಭತ್ತದ ಗದ್ದೆ ಓಡುತ್ತಿತ್ತು. ಅವಳು ದೋಣಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಕಾಲಿನ ಹೆಬ್ಬೆರಳು ನೋಡುತ್ತ ಕೂತೆ. ಬೈದಿದ್ದರೆ ತಡೆಯುತ್ತಿದ್ದೆ. ಮಸ್ಕಿ ಸಮೀಪ ಬಂದಾಗ ಕೇಳಿದಳು.

"ತಾತ, ಸಾಲಿ ಬಿಡೋ ಗಂಟಿನೂ ನೀನ ಹೊಡಿತಿದ್ದೇನು?"

"ಹೂಂನವ್ವ."

"ಮತ್ತ ಅದನ್ನ ಯಾಕ ಹೇಳಲಿಲ್ಲ? ಎಲ್ಲಾ ಹುಡುಗರೂ ನಿನ್ನ ದಾರಿನ ಕಾಯ್ತಿದ್ದಿರಬೇಕು."

ನಾನು ಗದ್ದೆಯ ಕಡೆ ಮುಖ ಮಾಡಿದೆ. ಅವಳು ಪಟ್ಟಿ ತೆಗೆದು 'ತಾತನ ಸೈನ್ಸ್' ಎಂಬುದನ್ನು ಹೊಡೆದುಹಾಕುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ಪ್ರತಿ ಪಾಠದ ಕೆಳಗೆ ಸ್ವಲ್ಪ ಜಾಗ ಬಿಟ್ಟು ಒಂದೊಂದು ಗೆರೆ ಎಳೆದಳು. "ಇಲ್ಲಿ ಕೊನಿ ಐದ ನಿಮಿಷ ಬರೀಬೇಕು. ನಗ್ಮಾ ಮೇಡಂಗ ಕೇಳಿ ನಾ ನಿನಗ ಹೇಳ್ತೀನಿ" ಎಂದಳು.

ಮರುದಿನ ಹೊತ್ತು ಮೂಡುವಾಗ ಬೇವಿನ ಗಿಡಕ್ಕೆ ಎರಡನ್ನೂ ಒಂದೊಂದಾಗಿ ತೂಗುಹಾಕಿ, ಉತ್ತರಕ್ಕೆ ನಿಂತ ತುದಿಗೆ ಕೆಂಪು, ದಕ್ಷಿಣಕ್ಕೆ ನಿಂತ ತುದಿಗೆ ನೀಲಿ ಹಚ್ಚಿದೆವು. ಬ್ರಷ್ ಅವಳ ಕೈಯಲ್ಲಿತ್ತು. ಅಡ್ಡಗೆರೆಯ ಮೇಲೆ ಬಣ್ಣ ಬೀಳದ ಹಾಗೆ ಹಚ್ಚಿದಳು. ಡಬ್ಬಿಯನ್ನು ಲಿಂಗಸುಗೂರಿಗೆ ಒಯ್ದು ಆ ಶಾಲೆಗೆ ಕೊಟ್ಟುಬಂದೆ. ಈಗಿನ ಅಟೆಂಡರ್ ಹುಡುಗ, "ಯಾರು ನೀವು?" ಎಂದ. "ಗಂಟಿ ಹೊಡಿಯಾವ" ಎಂದೆ. ಕಲ್ಯಾಣಮ್ಮ ಈಗ ನಲ್ಲಿಯಲ್ಲಿ ತನ್ನ ಪಾಳಿಯ ಎರಡೇ ಕೊಡ ತರುತ್ತಾಳೆ. ನನ್ನ ಜೊತೆ ಮಾತು ಬಿಟ್ಟು ಎರಡು ವಾರವಾಯಿತು, ಊಟಕ್ಕೆ ಕರೆಯುವಾಗ ಮಾತ್ರ ತಟ್ಟೆ ಬಾರಿಸುತ್ತಾಳೆ, ಗಂಟೆಯ ಹಾಗೆ.

ಇಷ್ಟೇ. ಇದರಲ್ಲಿ ಯಾವುದನ್ನು ನಾನು ಮರೆತಿದ್ದೇನೆ, ಹೇಳಿ. ವಯಸ್ಸಾಯಿತು ಎಂದು ನನಗೆ ಮಾಫಿ ಕೊಡಬೇಡಿ, ನನಗೆ ಅದು ಬೇಡ. ಮೂವತ್ತೆಂಟರಲ್ಲಿ ಈ ಗ್ರೂಪು ಬಿಟ್ಟುಹೋದವರು ಇಬ್ಬರಿದ್ದಾರಂತೆ, ನಂಬರು ಬದಲಾಯಿಸಿದವರು ಒಬ್ಬರಿದ್ದಾರಂತೆ. ಹುಡುಕಿ ಅವರಿಗೂ ಇದನ್ನು ಮುಟ್ಟಿಸಿ. ವೀರೇಂದ್ರನನ್ನು ಇನ್ನು ಹೆಸರು ಹಿಡಿದೇ ಕರೆಯಿರಿ. 'ಅಂಟು' ಎಂಬ ಹೆಸರು ಖಾಲಿ ಬಿದ್ದಿರುವುದು ಬೇಡ ಅನ್ನಿಸಿದರೆ, ನನಗೆ ಇಡಿ.